ಪದಚರ್ಚೆ: ‘ಸ್ಟಾಕ್ ಕಾರ್’, ‘ಕಪ್’, ‘2ನೈಟ್’, ‘ಲೂಸ್’

ಪ್ರಶ್ನೆ:
ನಮಸ್ಕಾರ. ಅಮೆರಿಕದ ಸ್ಟಾಕ್ ಕಾರ್ ರೇಸಿನ ಟಿವಿ ಸುದ್ದಿ ಕಾರ್ಯಕ್ರಮಗಳ ಇತಿಹಾಸವನ್ನು ಕನ್ನಡಕ್ಕೆ ತರುತ್ತಿದ್ದೇನೆ. ‘ಸ್ಟಾಕ್’ಗೆ ‘ದಾಸ್ತಾನು’ ಸರಿಯೇ? ‘ಇನ್‌ಸೈಡ್ ವಿನ್‌ಸ್ಟನ್ ಕಪ್ ರೇಸಿಂಗ್’, ‘ಇನ್‌ಸೈಡ್ ನೆಕ್ಸ್‌ಟೆಲ್ ಕಪ್’ ಬೇರೆ ಬೇರೆಯೋ, ಒಂದೇಯೋ? ‘ಆರ್‌ಪಿಎಂ 2ನೈಟ್’ನಲ್ಲಿರುವ 2 ಅಚ್ಚಿನ ತಪ್ಪೇ? ಕಾರು ‘ಲೂಸ್’ ಅಂದರೇನು?

ಉತ್ತರ 1:
ದಾಸ್ತಾನು ಬೇಡ, ಓದುಗರಿಗೆ ಗೋದಾಮು ನೆನಪಾಗುತ್ತದೆ. ಇಲ್ಲಿ ಸ್ಟಾಕ್ ಅಂದರೆ ಕಂಪನಿಯಿಂದ ಬಂದಂತೆಯೇ ಇರುವ, ಏನೂ ಬದಲಾಯಿಸದ ಗಾಡಿ. ನಮ್ಮ ಬೈಕ್ ಹುಡುಗರು ‘ಸ್ಟಾಕ್ ಸೈಲೆನ್ಸರ್’ ಅನ್ನುವುದೂ ಇದೇ ಅರ್ಥದಲ್ಲಿ. ಈ ರೇಸುಗಳನ್ನು ನಡೆಸುವ ಅಮೆರಿಕದ ಸಂಸ್ಥೆ ನ್ಯಾಸ್ಕಾರ್ 1949ರ ಜೂನ್ 19ರಂದು ಷಾರ್ಲಟ್‌ನಲ್ಲಿ ನಡೆಸಿದ ಮೊದಲ ‘ಸ್ಟ್ರಿಕ್ಟ್ಲಿ ಸ್ಟಾಕ್’ ರೇಸಿನಲ್ಲಿ ಮೊದಲು ಗುರಿ ಮುಟ್ಟಿದ ಗಾಡಿಯ ಹಿಂದಿನ ಸ್ಪ್ರಿಂಗ್‌ಗಳನ್ನು ಬಿಗಿ ಮಾಡಿಸಿದ್ದು ತಪಾಸಣೆಯಲ್ಲಿ ಸಿಕ್ಕಿಬಿತ್ತು. ಗೆಲುವು ಜಿಮ್ ರೋಪರ್ ಪಾಲಾಯಿತು. ಈಗಿನ ಗಾಡಿಗಳು ರೇಸಿಗೆಂದೇ ಕಟ್ಟಿದವು, ಹೆಸರಷ್ಟೇ ಉಳಿದಿದೆ. ಆದ್ದರಿಂದ ‘ಸ್ಟಾಕ್ ಕಾರ್’ ಅಂತಲೇ ಇಟ್ಟು, ಮೊದಲ ಸಲ ಬಂದಾಗ ಒಂದು ಸಾಲಿನ ವಿವರಣೆ ಕೊಡಿ.

ಎರಡು ‘ಇನ್‌ಸೈಡ್’ಗಳೂ ಒಂದೇ ಕಾರ್ಯಕ್ರಮ. ರೇಸ್ ಸರಣಿಯ ಪ್ರಾಯೋಜಕರು ಬದಲಾದ ಹಾಗೆ ಹೆಸರೂ ಬದಲಾಗಿದೆ: 2003ರವರೆಗೆ ವಿನ್‌ಸ್ಟನ್ ಸಿಗರೇಟು, 2004ರಿಂದ ನೆಕ್ಸ್‌ಟೆಲ್ ಫೋನು. 2008ರಲ್ಲಿ ಸರಣಿ ‘ಸ್ಪ್ರಿಂಟ್ ಕಪ್’ ಆದಾಗ ಕಾರ್ಯಕ್ರಮದವರು ಪ್ರಾಯೋಜಕರ ಹೆಸರು ಬಿಟ್ಟು ‘ದಿಸ್ ವೀಕ್ ಇನ್ ನ್ಯಾಸ್ಕಾರ್’ ಅಂದರು. ಇಸವಿಗೆ ತಕ್ಕ ಹೆಸರು ಹಾಕಿ. 1999ರ ಸಂಚಿಕೆಗೆ ನೆಕ್ಸ್‌ಟೆಲ್ ಅಂದರೆ ತಪ್ಪಾಗುತ್ತದೆ. ‘ಈ ಸಲ ಕಪ್ ನಮ್ದೇ’ ಕೇಳಿ ಕೇಳಿ ನಮಗೆ ಕಪ್ ಅಂದರೆ ಟ್ರೋಫಿ. ಇಲ್ಲಿ ಅದು ವರ್ಷಪೂರ್ತಿ ಅಂಕ ಕೂಡಿಸುವ ಸರಣಿ, ‘ಕಪ್ ಸರಣಿ’ ಅನ್ನಿ.

2 ಅಚ್ಚಿನ ತಪ್ಪಲ್ಲ. 1996ರಲ್ಲಿ ಶುರುವಾದ ಆ ಕಾರ್ಯಕ್ರಮ ಬರುತ್ತಿದ್ದದ್ದು ಇಎಸ್‌ಪಿಎನ್2ರಲ್ಲಿ, ವಾಹಿನಿಯ ಅಂಕಿಯನ್ನೇ ‘ಟುನೈಟ್’ಗೆ ಸೇರಿಸಿದ್ದಾರೆ. ‘ಈ ರಾತ್ರಿ’ ಅಂತ ಮಾಡಿದರೆ ಶ್ಲೇಷೆ ಹೋಯಿತು. ಆರ್‌ಪಿಎಂಗೆ (ಇಂಜಿನ್ ನಿಮಿಷಕ್ಕೆ ಎಷ್ಟು ಸಲ ತಿರುಗುತ್ತದೆ ಎಂಬ ಲೆಕ್ಕ) ‘ಸುತ್ತು’ ಅನ್ನಲೇಬೇಡಿ. ಡೇಟೋನಾ 500 ರೇಸಿನ 200 ಸುತ್ತು ಟ್ರ್ಯಾಕಿನದು, ಇದು ಇಂಜಿನ್ನಿನದು. ಒಂದೇ ಪುಟದಲ್ಲಿ ಎರಡೂ ಬಂದರೆ ಗೋಜಲು. ಈ ಗಾಡಿಗಳಲ್ಲಿ ಸ್ಪೀಡೋಮೀಟರ್ ಇರುತ್ತಿರಲಿಲ್ಲ. ಟೈರು, ಇಂಧನಕ್ಕೆಂದು ನಿಲ್ಲಲು ಹೋಗುವ ಪಿಟ್ ಹಾದಿಯ ವೇಗಮಿತಿಗೂ ಇಂಥ ಗೇರಿನಲ್ಲಿ ಇಷ್ಟು ಆರ್‌ಪಿಎಂ ಅಂತ ಲೆಕ್ಕವಿಟ್ಟು ಓಡಿಸುತ್ತಿದ್ದರು. ಶೀರ್ಷಿಕೆ ಸುಮ್ಮನೆ ಇಟ್ಟದ್ದಲ್ಲ. (ನಮ್ಮ ಮೆಕ್ಯಾನಿಕ್‌ಗಳು ಆಕ್ಸಿಲರೇಟರ್ ಒತ್ತಲು ‘ರೇಸ್ ಕೊಡು’ ಅನ್ನುವುದು ಬೇರೆಯೇ ‘ರೇಸ್’, ಏರಿಸು ಎಂಬರ್ಥದ್ದು.)

ಉತ್ತರ 2:
‘ಲೂಸ್’ ಬಗ್ಗೆ. ‘ಗಾಡಿ ಸಡಿಲವಾಗಿದೆ’ ಅಂದರೆ ನಟ್ಟು ಕಳಚಿದೆ ಅಂದುಕೊಳ್ಳುತ್ತಾರೆ. ಲೂಸ್ ಅಂತಲೇ ಬಿಟ್ಟರೆ ಡ್ರೈವರಿಗೆ ತಲೆ ಕೆಟ್ಟಿದೆ ಅಂದುಕೊಂಡಾರು! ತಿರುವಿನಲ್ಲಿ ಹಿಂದಿನ ಚಕ್ರಗಳು ಹಿಡಿತ ತಪ್ಪಿ ಹೊರಗೆ ಜಾರುವುದು ಲೂಸ್. ಸ್ಟೀರಿಂಗ್ ತಿರುಗಿಸಿದರೂ ಮೂತಿ ತಿರುಗದೆ ಮುಂದಕ್ಕೇ ನೂಕುವುದು ಟೈಟ್. ‘ಹಿಂದೆ ಜಾರುತ್ತಿದೆ’, ‘ಮುಂದೆ ತಿರುಗುತ್ತಿಲ್ಲ’ ಅಂದರೆ ಸಾಕು.

ಇದರ ಜೊತೆಗೇ ‘ವೆಡ್ಜ್’ ಬರುತ್ತದೆ, ಅದಕ್ಕೆ ‘ಬೆಣೆ’ ಅಂದರೆ ಕೆಟ್ಟಿತು. ಅಲ್ಲಿ ಯಾವ ಬೆಣೆಯನ್ನೂ ಬಡಿಯುವುದಿಲ್ಲ. ಹಿಂದಿನ ಗಾಜಿನ ತೂತಿನಿಂದ ಉದ್ದನೆ ಸ್ಪ್ಯಾನರ್ ಇಳಿಸಿ ಸ್ಪ್ರಿಂಗ್ ಮೇಲಿನ ಸ್ಕ್ರೂವನ್ನು ಅರ್ಧವೋ ಒಂದೋ ತಿರುಗು ತಿರುಗಿಸುತ್ತಾರೆ, ಮೂಲೆಯಿಂದ ಮೂಲೆಗೆ ಭಾರ ಬದಲಾಗುತ್ತದೆ. ವೆಡ್ಜ್ ಹೆಚ್ಚಿಸಿದರೆ ಟೈಟ್, ತೆಗೆದರೆ ಲೂಸ್. ಅನುವಾದದಲ್ಲಿ ಇದು ತಿರುವುಮುರುವಾಗದಂತೆ ನೋಡಿಕೊಳ್ಳಿ.