ಸಹಾಯ ಬೇಕು: ಪ್ರಾರ್ಥನೆಗೆ ಕೂತರೆ ಬರೀ ದೂರು ಬರುತ್ತಿದೆ

ಎಲ್ಲರಿಗೂ ನಮಸ್ಕಾರ. ನಾಲ್ಕು ತಿಂಗಳ ಹಿಂದೆ ನನ್ನ ಗಂಡನಿಗೆ ಇದ್ದಕ್ಕಿದ್ದಂತೆ ಸ್ಟ್ರೋಕ್ ಆಯಿತು. ಬಲಗೈ ಇನ್ನೂ ಎತ್ತಲು ಆಗುವುದಿಲ್ಲ, ಅಂಗಿಯ ಗುಂಡಿ ನಾನೇ ಹಾಕುತ್ತೇನೆ, ಆಗ ಅವರು ಗೋಡೆ ಕಡೆ ಮುಖ ತಿರುಗಿಸಿಕೊಂಡುಬಿಡುತ್ತಾರೆ. ಉಪವಾಸ ಮಾಡಿದೆ. ಚರ್ಚಿನ ಸಭೆಯವರೂ ಮನೆಗೆ ಬಂದು ಪ್ರಾರ್ಥಿಸಿದರು. ಬಂದವರೆಲ್ಲ ಬೈಬಲಿನ ರೋಮಾಪುರದವರಿಗೆ 8:28, ಅಂದರೆ ದೇವರನ್ನು ಪ್ರೀತಿಸುವವರಿಗೆ ಎಲ್ಲವೂ ಒಳಿತಿಗೇ ಆಗುತ್ತದೆ ಅನ್ನುವ ವಚನ ಹೇಳಿ ಹೋಗುತ್ತಾರೆ. ಆ ಮಾತು ಸುಳ್ಳು ಅಂತಲ್ಲ, ಗುಂಡಿ ಹಾಕುವ ಹೊತ್ತಿಗೆ ಮಾತ್ರ ಅದು ನೆನಪಿಗೇ ಬರುವುದಿಲ್ಲ.

ಈಗ ಬೈಬಲಿನ 88ನೇ ಕೀರ್ತನೆ ಒಂದೇ ನನ್ನದು ಅನಿಸುತ್ತಿದೆ. 13ನೇ ಕೀರ್ತನೆ ದೂರಿನಿಂದ ಶುರುವಾದರೂ ಕೊನೆಗೆ ಹಾಡಿಗೆ ಬರುತ್ತದೆ, 88 ಕತ್ತಲಲ್ಲೇ ಮುಗಿಯುತ್ತದೆ. ಯೇಸು ಸ್ವಾಮಿಯೂ ಶಿಲುಬೆಯ ಮೇಲೆ 22ನೇ ಕೀರ್ತನೆಯ ಮೊದಲ ಮಾತನ್ನೇ, ‘ನನ್ನ ದೇವರೇ, ನನ್ನ ದೇವರೇ, ಯಾಕೆ ನನ್ನನ್ನು ಕೈಬಿಟ್ಟೆ’ ಅಂತ ಕೂಗಿದರು, ಅಲ್ವಾ? ಆದರೆ ಹಿರಿಯರೊಬ್ಬರು, ಹೀಗೆ ದೂರುತ್ತಾ ಪ್ರಾರ್ಥಿಸುವುದು ಅಪನಂಬಿಕೆ, ಈಜಿಪ್ಟಿನಿಂದ ಬಿಡುಗಡೆಯಾದ ಇಸ್ರಾಯೇಲ್ಯರು ಅರಣ್ಯದಲ್ಲಿ ದೇವರ ಮೇಲೆ ಗುಣುಗುಟ್ಟಿದ ಹಾಗೆ ಎಂದುಬಿಟ್ಟರು. ಅಲ್ಲಿಂದ ಬಾಯಿ ಬಿಡೋಕೇ ಭಯ.

ದೇವರ ಹತ್ತಿರ ಅಳುವುದಕ್ಕೂ ದೇವರ ಮೇಲೆ ಗುಣುಗುಟ್ಟುವುದಕ್ಕೂ ವ್ಯತ್ಯಾಸ ಎಲ್ಲಿದೆ? ಇಂಥ ದಿನ ದಾಟಿದವರು ಸ್ತುತಿ ಬಾರದಾಗ ಏನಂತ ಪ್ರಾರ್ಥಿಸಿದಿರಿ? ಸುಮ್ನೆ ಸಮಾಧಾನ ಬೇಡ, ಅದನ್ನೇ ಹೇಳಿ.