ಹಳೇ ಕರಿಜ್ಮಾಗೆ ನಿಜವಾಗಿ ಎಷ್ಟು ಎಚ್‌ಪಿ ಜಾಸ್ತಿ ಸಿಗುತ್ತೆ? ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ನನ್ನದು 2005ರ ಹೀರೋ ಹೋಂಡಾ ಕರಿಜ್ಮಾ, ಕಾರ್ಬುರೇಟರ್ ಮಾಡೆಲ್. 223 ಸಿಸಿ, ಕಂಪನಿ ಲೆಕ್ಕದಲ್ಲಿ ಸುಮಾರು 17 ಎಚ್‌ಪಿ. ಹಿಂದಿನ ಚಕ್ರಕ್ಕೆ ಬರುವುದು ಅದಕ್ಕಿಂತ ಕಡಿಮೆ.

ಫ್ರೀ ಫ್ಲೋ ಸೈಲೆನ್ಸರ್, ಬೇರೆ ಏರ್ ಫಿಲ್ಟರ್ ಹಾಕಿದರೆ 5 ಎಚ್‌ಪಿ ಏರುತ್ತೆ ಅಂತ ಒಂದು ಗ್ಯಾರೇಜಿನಲ್ಲಿ ಹೇಳಿದರು. ನನಗೆ ನಂಬಿಕೆ ಬರುತ್ತಿಲ್ಲ. ಎರಡು ವಾಲ್ವ್‌ನ ಏರ್ ಕೂಲ್ಡ್ ಎಂಜಿನ್ ಇದು. ಕಾರ್ಬುರೇಟರಿನೊಳಗೆ ಪೆಟ್ರೋಲ್ ಅಳೆದು ಬಿಡುವ ಜೆಟ್ ಸರಿಯಾಗಿ ಹಾಕಿಸಿದರೂ ಒಂದೆರಡು ಎಚ್‌ಪಿ ಸಿಕ್ಕರೆ ದೊಡ್ಡದು, ಅಲ್ವಾ? ಜೆಟ್ ಬದಲಿಸದೆ ಸುಮ್ನೆ ಫಿಲ್ಟರ್ ಹಾಕಿಸಿದ ಗೆಳೆಯನ ಗಾಡಿಯ ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡಿದೆವು. ತುದಿ ಸುಣ್ಣದ ಹಾಗೆ ಬೆಳ್ಳಗಿತ್ತು. ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ. ಹಾಗೇ ಓಡಿಸಿದರೆ ಪಿಸ್ಟನ್‌ಗೇ ಅಪಾಯ.

ನಾನು ಮೊದಲು ಕಂಪ್ರೆಷನ್ ನೋಡಿಸಿ, ವಾಲ್ವ್ ಕ್ಲಿಯರೆನ್ಸ್, ಕಾರ್ಬುರೇಟರ್ ಡಯಾಫ್ರಮ್ ಸರಿ ಮಾಡಿಸಬೇಕು ಅಂತಿದ್ದೇನೆ. ಸವೆದು ಹೋದ ಶಕ್ತಿ ವಾಪಸ್ ಬಂದರೆ ಅದೇ ಒಳ್ಳೆ ಲಾಭ. ಹಿಂದಿನ ಸ್ಪ್ರಾಕೆಟ್ ದೊಡ್ಡದು ಮಾಡಿದರೆ ಪಿಕಪ್ ಚುರುಕಾಗುತ್ತೆ, ಎಚ್‌ಪಿ ಏರಲ್ಲ.

ಮಾಡಿಫೈ ಮಾಡಿಸುವ ಮುಂಚೆ ಮತ್ತು ಆಮೇಲೆ, ಎರಡೂ ಸಲ ಡೈನೋ (ಎಚ್‌ಪಿ ಅಳೆಯುವ ಯಂತ್ರ) ಮೇಲೆ ಅಳೆಸಿದವರು ಇದ್ದೀರಾ? ಹಿಂದಿನ ಚಕ್ರದಲ್ಲಿ ಬಂದ ಅಂಕಿ, ಹಾಕಿದ ಮೇನ್ ಜೆಟ್ ಸೈಜ್ ದಯವಿಟ್ಟು ತಿಳಿಸಿ. ಬೆಂಗಳೂರಿನ ಸುತ್ತಮುತ್ತ ಡೈನೋ ಇರುವ ಗ್ಯಾರೇಜ್ ಗೊತ್ತಿದ್ದರೂ ಹೇಳಿ.