ಪದಚರ್ಚೆ: ‘ಭೌಗೋಳಿಕ ಸೂಚ್ಯಂಕ’ ಬಿಟ್ಟು ಬೇರೆ ಪದ ಬೇಕು (ತುರ್ತು)

ಎಲ್ಲರಿಗೂ ನಮಸ್ಕಾರ. ಚೀಸ್ ಬಗೆಗಿನ ಪುಸ್ತಕವೊಂದರ ಅನುವಾದ ನಾಳೆ ಸಂಜೆ ಅಚ್ಚಿಗೆ ಹೋಗಬೇಕು, ಒಂದು ಕಡೆ ಸಿಕ್ಕಿಕೊಂಡಿದ್ದೇನೆ. ಇಂಥ ಸೀಮೆಯದು ಎಂದೇ ಹೆಸರಾದ ತಿನಿಸುಗಳಿಗೆ ಯುರೋಪಿನ ಒಕ್ಕೂಟ 1992ರಿಂದ ಎರಡು ಬಗೆಯ ರಕ್ಷಣೆ ಕೊಡುತ್ತಿದೆ. ಪಿಡಿಒ (ಪ್ರೊಟೆಕ್ಟೆಡ್ ಡೆಸಿಗ್ನೇಶನ್ ಆಫ್ ಒರಿಜಿನ್) ಸಿಗಬೇಕಾದರೆ ತಯಾರಿಕೆಯ ಎಲ್ಲ ಹಂತಗಳೂ ಆ ಸೀಮೆಯಲ್ಲೇ ನಡೆಯಬೇಕು. ಪಿಜಿಐಗೆ (ಪ್ರೊಟೆಕ್ಟೆಡ್ ಜಿಯಾಗ್ರಫಿಕಲ್ ಇಂಡಿಕೇಶನ್) ಒಂದು ಹಂತ ಅಲ್ಲಿ ನಡೆದರೂ ಸಾಕು. ಪತ್ರಿಕೆಗಳಲ್ಲಿ ಕಾಣುವ ‘ಭೌಗೋಳಿಕ ಸೂಚ್ಯಂಕ’ವನ್ನು ಎರಡಕ್ಕೂ ಹಾಕಿದರೆ ಈ ವ್ಯತ್ಯಾಸವೇ ಅಳಿಸಿಹೋಗುತ್ತದೆ. ಸದ್ಯಕ್ಕೆ ಮೊದಲನೆಯದಕ್ಕೆ ‘ಮೂಲಹೆಸರು’, ಎರಡನೆಯದಕ್ಕೆ ‘ಪ್ರದೇಶಸೂಚಕ’ ಎಂದು ಬರೆದಿಟ್ಟಿದ್ದೇನೆ. ನಡೆದೀತೇ?

* * *

‘ಮೂಲಹೆಸರು’ ಅರಿಸಮಾಸ, ಸಂಸ್ಕೃತಕ್ಕೆ ಕನ್ನಡ ಬೆಸೆದದ್ದು, ಕೈಬಿಡಿ. ‘ಸೂಚ್ಯಂಕ’ ಇರುವುದು ಬೆಲೆಗೆ, ಷೇರುಪೇಟೆಗೆ. ಚೀಸಿಗೆ ಎಲ್ಲಿಯ ಅಂಕ? ‘ನೆಲೆವೆಸರು’ ಅನ್ನಿ. ನೆಲೆ + ಪೆಸರು, ಆದೇಶಸಂಧಿ. ಪಿಡಿಒಗೆ ‘ತುಂಬು ನೆಲೆವೆಸರು’, ಪಿಜಿಐಗೆ ‘ಅರೆ ನೆಲೆವೆಸರು’. ಮನೆಯಲ್ಲೇ ಇರುವಾಗ ಸಂಸ್ಕೃತದ ಬಾಗಿಲಿಗೆ ಹೋಗಿ ನಿಲ್ಲುವುದೇಕೆ?

* * *

ಜನ ಅನ್ನುವುದು ‘ಜಿಐ ಟ್ಯಾಗ್’. ಬಸ್ಸು, ಟಿಕೆಟ್ಟುಗಳನ್ನು ಅರಗಿಸಿಕೊಂಡ ನುಡಿಗೆ ಟ್ಯಾಗ್ ಭಾರವಾಗುವುದಿಲ್ಲ. ‘ನೆಲೆವೆಸರು’ ಹಾಕಿದರೆ ಕೆಳಗೊಂದು ಅಡಿಟಿಪ್ಪಣಿಯೂ ಬೇಕಾಗುತ್ತದೆ.

* * *

ಕೇಳಿದ್ದೊಂದು, ಇಬ್ಬರೂ ಹೇಳುತ್ತಿರುವುದು ಇನ್ನೊಂದು. ‘ಟ್ಯಾಗ್’ ಅಂದರೆ ಅವರಿಗೆ ಬೇಕಾದ ವ್ಯತ್ಯಾಸ ಸಿಗುವುದಿಲ್ಲ. ‘ನೆಲೆವೆಸರು’ ಕೇಳಲು ಚೆನ್ನಾಗಿದೆ, ಅರ್ಥದಲ್ಲಿ ತಪ್ಪು. ಫೆಟಾ ಎಂಬ ಚೀಸ್ ಇದೆಯಲ್ಲ, ಅದು ಯಾವ ನೆಲೆಯ ಹೆಸರು? ಯಾವುದರದೂ ಅಲ್ಲ, ಆ ಪದಕ್ಕೆ ‘ಹೋಳು’ ಎಂದರ್ಥ. ಆದರೂ ಗ್ರೀಸಿನ ಫೆಟಾಕ್ಕೆ ಪಿಡಿಒ ಇದೆ. ಅದು ಒಂದು ಜಾತಿಯ ಚೀಸಿಗೆ ಎಲ್ಲರೂ ಬಳಸುವ ಹೆಸರು ಎಂದು ಜರ್ಮನಿ, ಡೆನ್ಮಾರ್ಕ್‌ಗಳು ವಾದಿಸಿ 2005ರಲ್ಲಿ ಯುರೋಪಿನ ನ್ಯಾಯಾಲಯದಲ್ಲಿ ಸೋತವು. ಚೆಡ್ಡಾರ್ ಚೀಸ್ ನೋಡಿ, ಇಂಗ್ಲೆಂಡಿನ ಒಂದು ಹಳ್ಳಿಯ ಹೆಸರೇ ಅದು. ಆದರೆ ಬರೀ ‘ಚೆಡ್ಡಾರ್’ ಎಂಬುದಕ್ಕೆ ರಕ್ಷಣೆಯಿಲ್ಲ, ಯಾವ ದೇಶದವರು ಮಾಡಿದರೂ ಚೆಡ್ಡಾರೇ.

ನಮ್ಮ ವ್ಯಾಕರಣ ಇದನ್ನು ಎಂದೋ ಹೇಳಿಬಿಟ್ಟಿದೆ. ಚೆಡ್ಡಾರ್ ಒಂದು ಜಾತಿಗೆಲ್ಲ ಸಲ್ಲುವ ರೂಢನಾಮವಾಯಿತು, ಫೆಟಾ ಒಂದಕ್ಕೇ ಸಲ್ಲುವ ಅಂಕಿತನಾಮವಾಗಿ ಉಳಿಯಿತು. ನ್ಯಾಯಾಲಯಗಳಲ್ಲಿ ನಡೆಯುವ ಇಂಥ ಜಗಳದ ತಿರುಳು ಬಹುಮಟ್ಟಿಗೆ ಇದೇ. ‘ಅಂಕ’ಕ್ಕೆ ಸಂಖ್ಯೆಯಷ್ಟೇ ಅರ್ಥವಲ್ಲ, ಗುರುತು ಎಂಬ ಅರ್ಥವೂ ಇದೆ. ವಚನದ ಕೊನೆಯ ಅಂಕಿತ ನೋಡಿ ಇದು ಇಂಥವರದು ಅನ್ನುತ್ತೇವಲ್ಲ, ಹಾಗೆ. ಆದ್ದರಿಂದ ಪಿಡಿಒಗೆ ‘ಮೂಲಾಂಕಿತ’ ಅನ್ನಿ. ಸಮಾಸದ ತಕರಾರೂ ಇಲ್ಲ. ಪಿಜಿಐಗೆ ನಿಮ್ಮ ‘ಪ್ರದೇಶಸೂಚಕ’ವೇ ಇರಲಿ, ಒಳ್ಳೆಯ ಪದ.

ಹಾಗೆಯೇ, ಹೆಸರುಗಳನ್ನೇ ಕನ್ನಡಿಸಲು ಹೋಗಬೇಡಿ. ವಿಶ್ವ ವ್ಯಾಪಾರ ಸಂಘಟನೆಯ ಬೌದ್ಧಿಕ ಆಸ್ತಿ ಕುರಿತ ಟ್ರಿಪ್ಸ್ ಒಪ್ಪಂದದ 23ನೇ ವಿಧಿ ವೈನ್ ಮತ್ತು ಮದ್ಯದ ವಿಷಯದಲ್ಲಿ ಬಲು ಬಿಗಿ. ಬೇರೆ ಸೀಮೆಯ ಮಾಲಿಗೆ ಆ ಹೆಸರನ್ನು ಅನುವಾದಿಸಿ ಹಾಕುವಂತಿಲ್ಲ, ‘ಬಗೆಯ’, ‘ಮಾದರಿಯ’ ಎಂದು ಸೇರಿಸಿಯೂ ಹಾಕುವಂತಿಲ್ಲ. ಪುಸ್ತಕಕ್ಕೆ ಆ ಕಟ್ಟಿಲ್ಲ, ನಿಜ. ಆದರೂ, ಷಾಂಪೇನ್ ಫ್ರಾನ್ಸಿನ ಒಂದು ಸೀಮೆಯ ಹೆಸರಾದ್ದರಿಂದ, ‘ಷಾಂಪೇನ್ ಮಾದರಿಯ ವೈನ್’ ಎಂದು ಎಲ್ಲಾದರೂ ಬರೆದಿದ್ದರೆ ತೆಗೆದುಬಿಡಿ.

* * *

ಮೂಲ, ಅಂಕಿತ, ಪ್ರದೇಶ, ಸೂಚಕ. ನಾಲ್ಕಕ್ಕೆ ನಾಲ್ಕೂ ಕಡ ತಂದವು. ಫೆಟಾದ ಮಾತು ಒಪ್ಪಿದೆ, ಉಳಿದದ್ದು ಒಪ್ಪುವುದಿಲ್ಲ. ‘ನೆಲೆ’ ಅಂದರೆ ಊರೇ ಆಗಬೇಕಿಲ್ಲ, ನಿಂತ ತಾಣವೂ ನೆಲೆಯೇ.

* * *

ಕಡ ತಂದದ್ದು ಎನ್ನುತ್ತೀರಿ. ಸಾವಿರ ವರ್ಷ ಬಳಸಿದ ಮೇಲೂ ‘ಅಂಕ’ ನಮ್ಮದಾಗಲಿಲ್ಲವೇ? ಈ ಲೆಕ್ಕ ಹಿಡಿದರೆ ಹೊರಗಿನವರ ನುಡಿಯಲ್ಲಿ ನಾವು ಮಾತಾಡುತ್ತಿದ್ದೇವೆ ಎಂದಾಗುತ್ತದೆ.

* * *

ಎಲ್ಲರಿಗೂ ಧನ್ಯವಾದ. ‘ಮೂಲಾಂಕಿತ’, ‘ಪ್ರದೇಶಸೂಚಕ’ ಎಂದೇ ಹಾಕಿದೆ, ಮೊದಲ ಸಲ ಬಂದಲ್ಲಿ ಪಕ್ಕದಲ್ಲಿ ಪಿಡಿಒ, ಪಿಜಿಐ ಎಂದೂ ಕೊಟ್ಟಿದ್ದೇನೆ. 41ನೇ ಪುಟದಲ್ಲಿ ‘ಫೆಟಾ ಎಂಬ ಊರಿನ ಚೀಸ್’ ಎಂದು ಬರೆದುಬಿಟ್ಟಿದ್ದೆ. ಅದನ್ನೂ ತಿದ್ದಿ ಕಳಿಸಿದೆ.